ಕಪಾಲ ಸಾಮುದ್ರಿಕವೂ ಹುಟ್ಟಿನ ಅಪರಾಧವೂ

ಮನುಷ್ಯನ ಬಾಳು ಅವನ ಹಣೆಯಲ್ಲಿಯೇ ಬರೆದಿದೆಯೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಇಂಥದೇ ನಂಬಿಕೆಯೊಂದು ಯುರೋಪಿನಲ್ಲಿ ವಿಜ್ಞಾನದ ವೇಷ ತೊಟ್ಟು ಮೆರೆಯಿತು. ಫ್ರಾನ್ಸ್ ಜೋಸೆಫ್ ಗಾಲ್ (1758–1828) ಎಂಬ ವೈದ್ಯನು ಮಿದುಳಿನಲ್ಲಿ 27 ಗುಣಗಳಿಗೆ ಬೇರೆಬೇರೆ ನೆಲೆಗಳಿವೆಯೆಂದೂ, ಬಲಿತ ನೆಲೆಯು ಬುರುಡೆಯನ್ನು ಉಬ್ಬಿಸುವುದರಿಂದ ತಲೆಯನ್ನು ತಡವಿ ಸ್ವಭಾವವನ್ನು ತಿಳಿಯಬಹುದೆಂದೂ ಸಾರಿದನು. ಇದಕ್ಕೆ ಫ್ರೆನಾಲಜಿ, ಅಂದರೆ ಕಪಾಲ ಸಾಮುದ್ರಿಕವೆಂದು ಹೆಸರಾಯಿತು.

1825ರಲ್ಲಿ ಕಲ್ಕತ್ತೆಯಲ್ಲಿಯೂ ಇದಕ್ಕೊಂದು ಸಂಘ ಹುಟ್ಟಿತು. 1833ರಲ್ಲಿ ಗಲ್ಲಿಗೇರಿದ ಏಳು ಮಂದಿ ಠಕ್ಕರ ತಲೆಬುರುಡೆಗಳನ್ನು ಎಡಿನ್‌ಬರೊ ನಗರಕ್ಕೆ ಕಳುಹಿಸಲಾಯಿತು. ಅಲ್ಲಿಯ ಪಂಡಿತರು ಅಳೆದು ನೋಡಿದಾಗ ಹಿಂಸಾಪ್ರವೃತ್ತಿಯ ನೆಲೆ ಅಸಾಧಾರಣವಾಗಿ ದೊಡ್ಡದಾಗಿರಲಿಲ್ಲ. ಆದರೂ ಅವರು ಶಾಸ್ತ್ರವನ್ನು ಕೈಬಿಡಲಿಲ್ಲ. ರೂಢಿ, ಸಂಸ್ಕಾರಗಳ ಕಾರಣ ಹೇಳಿ ಅದನ್ನು ಉಳಿಸಿಕೊಂಡರು. ಪ್ರಮಾಣ ಎದುರಾದಾಗಲೂ ಸೋಲೊಪ್ಪದಿರುವುದೇ ಹುಸಿಶಾಸ್ತ್ರದ ಲಕ್ಷಣವಷ್ಟೆ.

ಕಾಲಕ್ರಮದಲ್ಲಿ ವಿದ್ವಾಂಸರು ಈ ಶಾಸ್ತ್ರವನ್ನು ತಿರಸ್ಕರಿಸಿದರು. ಆದರೆ ಗುಣವು ದೇಹದಲ್ಲಿ ಹುಟ್ಟಿನಿಂದಲೇ ಅಚ್ಚೊತ್ತಿರುತ್ತದೆಂಬ ಭಾವನೆ ಅಳಿಯಲಿಲ್ಲ. 1901ರ ಜನಗಣತಿಯ ಮುಖ್ಯಾಧಿಕಾರಿ ಹರ್ಬರ್ಟ್ ರಿಸ್ಲೆಯು ಮೂಗು ತಲೆಗಳನ್ನು ಅಳೆದು ಜಾತಿಗಳ ಮೇಲುಕೀಳನ್ನು ನಿರ್ಣಯಿಸಹೊರಟನು. ಇತ್ತ 1871ರಲ್ಲಿಯೇ ಅಪರಾಧಿ ಬುಡಕಟ್ಟುಗಳ ಕಾಯಿದೆ ಜಾರಿಗೆ ಬಂದಿತ್ತು. ಕಪಾಲ ಸಾಮುದ್ರಿಕವೇ ಈ ಕಾಯಿದೆಯನ್ನು ಹೆತ್ತಿತೆನ್ನಲಾಗದು. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನೇ ಆಗುವನೆಂಬ ವಾದ ಅದರ ಬುಡದಲ್ಲಿತ್ತು. ಆದರೆ ಇವೆರಡೂ ಒಂದೇ ಮರದ ಕೊಂಬೆಗಳು.

ಆ ಮರದ ನೆರಳು ನಮ್ಮ ಜಿಲ್ಲೆಯ ಮೇಲೂ ಬಿದ್ದಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳನ್ನು ಒಳಗೊಂಡ ಅಂದಿನ ಬಿಜಾಪುರ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. 1911ರಲ್ಲಿ ಕಾಯಿದೆ ಇಡೀ ಬ್ರಿಟಿಷ್ ಭಾರತಕ್ಕೆ ವ್ಯಾಪಿಸಿತು. ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ ಮೊದಲಾದ ಸಮುದಾಯಗಳಿಗೆ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿತು. ಸ್ಟಾರ್ಟೆ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಸುಮಾರು 1910ರಲ್ಲಿ ಬಿಜಾಪುರದಲ್ಲಿ ಇಂಥವರ ವಸಾಹತು ತಲೆಯೆತ್ತಿತು. ಹುಬ್ಬಳ್ಳಿ, ಗದಗಗಳಲ್ಲಿಯೂ ಆದವು. ಜನರು ಇದನ್ನು ಸೆಟ್ಲಮೆಂಟ್ ಎಂದೇ ಕರೆದರು. ಒಳಗಿದ್ದವರು ಹಾಜರಿ ಕೊಡಬೇಕು, ಹೊರಹೋಗಲು ಪಾಸು ಪಡೆಯಬೇಕು. ಅಲ್ಲಿ ಶಾಲೆಯೂ ಇತ್ತು, ದುಡಿಮೆಯೂ ಇತ್ತು. ಇಲ್ಲದಿದ್ದುದು ತನ್ನಿಚ್ಛೆಯಂತೆ ಹೋಗಿಬರುವ ಸ್ವಾತಂತ್ರ್ಯ. ಕದಿಯದವನಿಗೂ ಆ ಕುಲದಲ್ಲಿ ಹುಟ್ಟಿದ್ದೇ ತಪ್ಪಾಯಿತು.

ಮುಂಬಯಿ ಪ್ರಾಂತ 1949ರಲ್ಲಿ ಈ ಕಾಯಿದೆಯನ್ನು ತೊಡೆದುಹಾಕಿತು. ದೇಶದಾದ್ಯಂತ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಕಾಯಿದೆ ಹೋದರೂ ಸಂಶಯದ ಕಣ್ಣು ತಟ್ಟನೆ ಮುಚ್ಚಿಕೊಳ್ಳಲಿಲ್ಲ. ಊರಲ್ಲಿ ಕಳವಾದೊಡನೆ ಕೆಲವು ಕೇರಿಗಳತ್ತ ಬೆರಳು ತೋರಿಸುವವರು ಗಾಲ್‌ನ ಹೆಸರನ್ನು ಕೇಳಿಲ್ಲದಿರಬಹುದು. ನಡೆಯುತ್ತಿರುವುದು ಅವನ ದಾರಿಯಲ್ಲಿಯೇ. ಹುಟ್ಟಿನಿಂದ ಯಾರೂ ಕೀಳಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಬಸವಣ್ಣನವರು ಜನಿಸಿದ ಬಾಗೇವಾಡಿಯ ಸೀಮೆಯವರಾದ ನಾವು, ಮನುಷ್ಯನನ್ನು ಅವನ ನಡೆಯಿಂದ ಅಳೆಯಬೇಕೇ ಹೊರತು ಅವನ ತಲೆಯಿಂದಲ್ಲ, ಕುಲದಿಂದಲೂ ಅಲ್ಲ.