ಮೀನುತೊಟ್ಟಿಯ ಕೊಳವೆ ಸದ್ದು
ಮನೆಯ ಮೀನುತೊಟ್ಟಿಯಲ್ಲಿ ಅಂಚು ಮೀರಿದ ನೀರು ಕೆಳಗಿನ ಸಂಪಿಗೆ ಇಳಿದು, ಪಂಪಿನ ಮೂಲಕ ಮತ್ತೆ ಮೇಲೇರುವಾಗ ಹುಟ್ಟುವ ಗುಳುಗುಳು ಸದ್ದು ಮತ್ತು ಕಂಪನ.

ಕಾರಣ: ಇಳಿಕೊಳವೆಗೆ ನೀರಿನೊಡನೆ ಗಾಳಿಯೂ ನುಗ್ಗುವುದು ಮುಖ್ಯ ಕಾರಣ. ಕೊಳವೆ ತುಂಬಿದಾಗ ಸೈಫನ್ ಕಟ್ಟುತ್ತದೆ, ಗಾಳಿ ಹೊಕ್ಕಾಗ ಮುರಿಯುತ್ತದೆ. ಈ ಏರಿಳಿತವೇ ಗುಳುಗುಟ್ಟುವಿಕೆ.

ಇಳಿಕೊಳವೆ: ಡರ್ಸೋ ವಿಧಾನದಲ್ಲಿ ಕೊಳವೆಯ ತಲೆಗೆ ಟಿ ಜೋಡಣೆ ಮತ್ತು ಕೆಳಮುಖ ಬಾಗು ಇರುತ್ತವೆ, ಮುಚ್ಚಳದ ಸಣ್ಣ ರಂಧ್ರ ಗಾಳಿಯನ್ನು ಹದವಾಗಿ ಬಿಡುತ್ತದೆ. ಇನ್ನೂ ನಿಶ್ಶಬ್ದವಾದದ್ದು ಮೂರು ಕೊಳವೆಗಳ ವಿಧಾನ. ಗೇಟ್ ವಾಲ್ವಿನಿಂದ ನಿಯಂತ್ರಿಸಿದ ಮೊದಲನೆಯದು ಸದಾ ನೀರು ತುಂಬಿ ಹರಿಯುತ್ತದೆ; ಉಳಿದ ಅಲ್ಪ ನೀರು ಎರಡನೆಯದರ ಗೋಡೆಗುಂಟ ಜಾರುತ್ತದೆ; ಮೂರನೆಯದು ತುರ್ತಿಗೆ ಒಣಗಿರುತ್ತದೆ. ತುರ್ತು ಕೊಳವೆಗೆ ವಾಲ್ವ್ ಕೂಡಿಸಬಾರದು. ಮೊದಲನೆಯದಾದ ಸೈಫನ್ ಕೊಳವೆಯ ಕೆಳಬಾಯಿ ಸಂಪಿನ ನೀರಿನಲ್ಲಿ 2-3 ಸೆಂ.ಮೀ. ಮಾತ್ರ ಮುಳುಗಿರಬೇಕು, ಆಳವಾದರೆ ಒಳಗಿನ ಗಾಳಿ ಹೊರಬರುವುದು ಕಷ್ಟ.

ಮರಳುಕೊಳವೆ: ಪಂಪಿನಿಂದ ನೀರು ಮತ್ತೆ ತೊಟ್ಟಿಗೆ ಏರುವ ಕೊಳವೆಯಿದು. ಪಂಪನ್ನು ಸ್ಪಂಜು ಅಥವಾ ಸಿಲಿಕೋನ್ ಹಾಸಿನ ಮೇಲಿಟ್ಟು, ಪಿವಿಸಿ ಕೊಳವೆಗೆ ಮೆತ್ತನೆಯ ಹೋಸ್‌ನಿಂದ ಜೋಡಿಸಿದರೆ ಕಂಪನ ಪೀಠಕ್ಕೆ ದಾಟುವುದಿಲ್ಲ. ಕೊಳವೆಯ ಬಾಯಿ ನೀರಿನ ಮೇಲ್ಮೈಗಿಂತ ತುಸು ಕೆಳಗಿದ್ದರೆ ಚಿಮ್ಮುವ ಸದ್ದಿಲ್ಲ. ಕರೆಂಟು ಹೋದಾಗ ನೀರು ಹಿಂದಕ್ಕೆ ಹರಿಯುತ್ತದೆ. ಅದನ್ನು ತಡೆಯಲು ಮೇಲ್ಮೈ ಬಳಿ ಕೊಳವೆಗೆ ಗಾಳಿರಂಧ್ರ ಬೇಕು, ಇಳಿದ ನೀರು ಹಿಡಿಸುವಷ್ಟು ಜಾಗ ಸಂಪಿನಲ್ಲಿರಬೇಕು.

ಸಮಾನ ತತ್ತ್ವ: ಗಾಳಿಯನ್ನು ಹೊರದೂಡಿ ತುಂಬುಹರಿವು ಪಡೆಯುವ ಇದೇ ತತ್ತ್ವವನ್ನು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸ್ವಯಂಚಾಲಿತ ಸೈಫನ್‌ಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಬಹುದು. ಶಿಂಷಾ ನದಿಯ ನೀರು ಮಿತಿ ಮೀರಿದಾಗ ಅವು ಬಾಗಿಲು ತೆರೆಯುವವರಿಲ್ಲದೆಯೇ ಹರಿಯತೊಡಗುತ್ತವೆ.