ಗಣಕದ ನಿದ್ದೆ ಕೆಡಿಸಿದ ಗಡಿಯಾರ

ಲ್ಯಾಪ್‌ಟಾಪ್ ಬೇಗ ಆರಿಹೋದರೆ ನಾವು ಬ್ಯಾಟರಿಯನ್ನು ದೂರುತ್ತೇವೆ. ಲಿನಕ್ಸ್ ಇತಿಹಾಸದಲ್ಲಿ ಮಾತ್ರ ತಪ್ಪು ಬಹುಕಾಲ ಬೇರೆಡೆ ಇತ್ತು. ಅಲ್ಲಿ ವಿದ್ಯುತ್ತು ಪೋಲಾಗುತ್ತಿದ್ದುದು ಗಣಕ ಕೆಲಸವಿಲ್ಲದೆ ಸುಮ್ಮನಿದ್ದಾಗ!

ಮೊದಲು ಸ್ವಲ್ಪ ಭೌತವಿಜ್ಞಾನ. ಪ್ರೊಸೆಸರ್ ದುಡಿಯುವಾಗ ಬಳಸುವ ವಿದ್ಯುತ್ತು ಅದರ ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವರ್ತಾಂಕವನ್ನಷ್ಟೇ ಅರ್ಧಕ್ಕಿಳಿಸಿದರೆ ಅದೇ ಕೆಲಸಕ್ಕೆ ಎರಡರಷ್ಟು ಕಾಲ ಹಿಡಿಯುವುದರಿಂದ ಈ ಲೆಕ್ಕದಲ್ಲಿ ಉಳಿತಾಯವಿಲ್ಲ. ವೋಲ್ಟೇಜನ್ನೂ 1.2ರಿಂದ 0.9ಕ್ಕೆ ಇಳಿಸಿದರೆ ಸುಮಾರು ಶೇ. 44ರಷ್ಟು ಶಕ್ತಿ ಉಳಿಯುತ್ತದೆ. ಬೇಡಿಕೆಗೆ ತಕ್ಕಂತೆ ಹೀಗೆ ಏರಿಳಿಸುವ ‘ಆನ್‌ಡಿಮ್ಯಾಂಡ್’ ನಿಯಂತ್ರಕ ಲಿನಕ್ಸಿಗೆ ಬಂದದ್ದು 2004ರಲ್ಲಿ. ಆದರೆ ಸುಮ್ಮನಿರುವ ಚಿಪ್‌ನಲ್ಲೂ ಸೋರಿಕೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಅದನ್ನು ತಗ್ಗಿಸಲು ಚಿಪ್ಪನ್ನೇ ಮಲಗಿಸಬೇಕು. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು 1996ರಲ್ಲಿ ಪ್ರಕಟಿಸಿದ ‘ಎಸಿಪಿಐ’ ಮಾನಕದಲ್ಲಿ ಈ ನಿದ್ರಾಸ್ಥಿತಿಗಳಿಗೆ ಸಿ1, ಸಿ2, ಸಿ3 ಎಂದು ಹೆಸರು. ನಿದ್ದೆ ಗಾಢವಾದಷ್ಟೂ ಏಳಲು ತಗಲುವ ಕಾಲ ಮತ್ತು ಶಕ್ತಿ ಹೆಚ್ಚು. ಹಾಗಾಗಿ ಚಿಕ್ಕ ಬಿಡುವಿಗೆ ಗಾಢನಿದ್ದೆ ನಷ್ಟದ ಬಾಬತ್ತು.

ತೊಂದರೆ ಇದ್ದದ್ದು ಇಲ್ಲೇ. ಲಿನಕ್ಸಿನ ತಿರುಳಾದ ಕರ್ನೆಲ್, ಕಾಲದ ಲೆಕ್ಕವಿಡಲು ಪ್ರೊಸೆಸರನ್ನು ಸೆಕೆಂಡಿಗೆ 100 ಬಾರಿ ತಟ್ಟಿ ಎಬ್ಬಿಸುತ್ತಿತ್ತು. ಡಿಸೆಂಬರ್ 2003ರ 2.6ನೇ ಆವೃತ್ತಿಯಲ್ಲಿ, ಗಣಕ ಇನ್ನಷ್ಟು ಚುರುಕಾಗಿ ಸ್ಪಂದಿಸಲೆಂದು, ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಇದನ್ನು 1000ಕ್ಕೆ ಏರಿಸಲಾಯಿತು. ಮಿಲಿಸೆಕೆಂಡಿಗೊಮ್ಮೆ ಎಬ್ಬಿಸಿದರೆ ಯಾರಿಗೆ ತಾನೆ ನಿದ್ದೆ ಬಂದೀತು? 2005ರಲ್ಲಿ ಅದು 250ಕ್ಕೆ ಇಳಿದದ್ದು ರಾಜಿಯೇ ಹೊರತು ಪರಿಹಾರವಲ್ಲ.

ಪರಿಹಾರ ಬಂದದ್ದು ಏಪ್ರಿಲ್ 2007ರ 2.6.21ನೇ ಆವೃತ್ತಿಯಲ್ಲಿ. ಥಾಮಸ್ ಗ್ಲೈಕ್ಸ್‌ನರ್, ಇಂಗೊ ಮೊಲ್ನಾರ್ ಮುಂತಾದವರ ಶ್ರಮದಿಂದ, ಬಿಡುವಿನಲ್ಲಿ ಈ ತಟ್ಟುವಿಕೆಯನ್ನೇ ನಿಲ್ಲಿಸಲಾಯಿತು. ಮುಂದಿನ ಕೆಲಸ ಯಾವಾಗಲೋ ಆಗ ಮಾತ್ರ ಎಬ್ಬಿಸಿದರಾಯಿತು. ರಾತ್ರಿ ಬಸ್ಸಿನಲ್ಲಿ ಪ್ರತಿ ನಿಲ್ದಾಣಕ್ಕೂ ಎದ್ದು ನೋಡುವ ಬದಲು ಕಂಡಕ್ಟರಿಗೆ ಊರ ಹೆಸರು ಹೇಳಿ ಮಲಗಿದಂತೆ.

ಆಗ ಇನ್ನೊಂದು ಸಂಗತಿ ಬಯಲಾಯಿತು. ಕರ್ನೆಲ್ ಸುಮ್ಮನಾದರೂ ಅದರ ಮೇಲೆ ಓಡುವ ತಂತ್ರಾಂಶಗಳು ಸುಮ್ಮನಿರಲಿಲ್ಲ. ಧ್ವನಿಮಟ್ಟ ತೋರಿಸುವ ಪುಟ್ಟ ಕಾರ್ಯಕ್ರಮವೂ ‘ಬದಲಾಯಿತೇ?’ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿತ್ತು. ಇಂಟೆಲ್‌ನ ಆರ್ಯನ್ ವಾನ್ ಡಿ ವೆನ್ ಮೇ 2007ರಲ್ಲಿ ಹೊರತಂದ ‘ಪವರ್‌ಟಾಪ್’, ಸೆಕೆಂಡಿಗೆ ಯಾರು ಎಷ್ಟು ಬಾರಿ ಎಬ್ಬಿಸಿದರೆಂಬುದನ್ನು ಹೆಸರು ಸಮೇತ ಪಟ್ಟಿಮಾಡಿತು. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ತಿರುವು ಇದೇ: ಅಳತೆ ಸಿಕ್ಕಿತು, ಹೆಸರು ಬಿದ್ದವರು ತಿದ್ದಿಕೊಂಡರು. ಅದೇ ವರ್ಷ ‘ಜಿಲಿಬ್’ ಎಂಬ ತಂತ್ರಾಂಶ ಭಂಡಾರಕ್ಕೆ, ಸೆಕೆಂಡಿನ ನಿಖರತೆ ಸಾಕಾದ ಕೆಲಸಗಳೆಲ್ಲ ಒಟ್ಟಿಗೇ ಏಳುವ ಏರ್ಪಾಡು ಸೇರಿತು.

ಹಿನ್ನಡೆಯೂ ಆಯಿತು. ಮಾರ್ಚ್ 2011ರ 2.6.38ನೇ ಆವೃತ್ತಿ ಹಾಕಿಕೊಂಡ ಹಲವು ಲ್ಯಾಪ್‌ಟಾಪುಗಳು ಹೆಚ್ಚು ವಿದ್ಯುತ್ತು ಕುಡಿಯತೊಡಗಿದವು. ಫೊರೊನಿಕ್ಸ್ ತಾಣದ ಮೈಕೆಲ್ ಲಾರಬೆಲ್ ಕರ್ನೆಲ್ಲಿನ ಬದಲಾವಣೆಗಳನ್ನು ವಿಭಜಿಸುತ್ತಾ, ಪ್ರತಿಸಲ ವಿದ್ಯುತ್ತನ್ನು ಮೀಟರಿನಲ್ಲಿ ಅಳೆಯುತ್ತಾ, ಜೂನ್ ಹೊತ್ತಿಗೆ ಕಾರಣ ಹಿಡಿದರು. ಯಂತ್ರದ ಒಳಭಾಗಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಕೊಂಡಿಗಳಿಗೂ ಬಿಡುವಿನಲ್ಲಿ ಮಲಗುವ ಸೌಲಭ್ಯವಿದೆ. ‘ನನಗದು ಬಾರದು’ ಎಂದು ಬಯಾಸ್ ಘೋಷಿಸಿದ್ದ ಯಂತ್ರಗಳಲ್ಲಿ ಕರ್ನೆಲ್ ಆ ಮಾತು ನಂಬಿ, ಬಯಾಸ್ ತಾನೇ ಚಾಲೂ ಮಾಡಿಟ್ಟಿದ್ದ ನಿದ್ದೆಯನ್ನೂ ರದ್ದುಮಾಡುತ್ತಿತ್ತು. ಘೋಷಣೆ ಏನೇ ಇರಲಿ, ಬಯಾಸ್ ಇಟ್ಟದ್ದನ್ನು ಮುಟ್ಟದೆ ಬಿಡುವ ಮ್ಯಾಥ್ಯೂ ಗ್ಯಾರೆಟ್ ಅವರ ತಿದ್ದುಪಡಿ ಫೆಬ್ರವರಿ 2012ರ 3.2.5ನೇ ಆವೃತ್ತಿಯಲ್ಲಿ ಬಳಕೆದಾರರ ಕೈಸೇರಿತು.