ಸಹಿಯಿಲ್ಲದ ತಂತಿ

ಬೀರೂರು ಜಂಕ್ಷನ್ನಿನಲ್ಲಿ ರೈಲುಹಳಿ ಕವಲೊಡೆಯುವುದನ್ನು ನೀವು ನೋಡಿರಬಹುದು. ಕಡೂರಿನಿಂದ ಬಂದ ಮಾರ್ಗದ ಒಂದು ಕವಲು ಅಜ್ಜಂಪುರದ ಮೂಲಕ ಹರಿಹರದತ್ತ, ಇನ್ನೊಂದು ತರೀಕೆರೆಯ ಮೂಲಕ ಶಿವಮೊಗ್ಗದತ್ತ ಸಾಗುತ್ತದೆ. ಹರಿಹರದ ಮಾರ್ಗ 1889ರಲ್ಲಿ, ಶಿವಮೊಗ್ಗದ್ದು 1899ರಲ್ಲಿ ಸಿದ್ಧವಾಯಿತು. ಎರಡೂ ಆಗ ಮೀಟರ್ ಗೇಜಿನ ಒಂಟಿ ಹಳಿ. ಒಂದೇ ಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗದಂತೆ ತಡೆಯುವುದು ಹೇಗೆ? ಇಂದು ‘ನಿರ್ಣಾಯಕ ಮೂಲಸೌಕರ್ಯಗಳ ಸೈಬರ್ ಸುರಕ್ಷತೆ’ ಎಂಬ ಹೆಸರಿನಲ್ಲಿ ಸ್ನಾತಕೋತ್ತರ ತರಗತಿಗಳಲ್ಲಿ ಕಲಿಸುವ ವಿಷಯದ ಒಂದು ಬೇರು ಈ ಪ್ರಶ್ನೆಯಲ್ಲಿದೆ.

1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ಥಾರ್ಪ್ ಎಂಬಲ್ಲಿ ಎರಡು ರೈಲುಗಳು ಒಂಟಿ ಹಳಿಯ ಮೇಲೆ ಡಿಕ್ಕಿ ಹೊಡೆದವು. ಎರಡು ಡಜನ್‌ಗೂ ಹೆಚ್ಚು ಜನ ಸತ್ತರು. ಎದುರಿನ ಗಾಡಿಯನ್ನು ಬಿಡಿ ಎಂದು ಅಧಿಕಾರಿ ಕೊಟ್ಟ ತಂತಿ ಸಂದೇಶಕ್ಕೆ ಸಹಿಯೇ ಇರಲಿಲ್ಲ. ಸಹಿಯಿಲ್ಲದ್ದನ್ನು ಕಳಿಸಬಾರದೆಂಬ ನಿಯಮವಿದ್ದರೂ ತಂತಿ ಗುಮಾಸ್ತ ಕಳಿಸಿಬಿಟ್ಟಿದ್ದ.

ಎಡ್ವರ್ಡ್ ಟೈಯರ್ ಎಂಬ ಎಂಜಿನಿಯರ್ ಆ ನಿಯಮವನ್ನು ಯಂತ್ರದೊಳಗೇ ಇಟ್ಟ. ಅವನ ಸಾಧನಕ್ಕೆ 1878ರಲ್ಲಿ ಪೇಟೆಂಟ್ ದೊರೆಯಿತು. ಎರಡು ನಿಲ್ದಾಣಗಳ ಪೆಟ್ಟಿಗೆಗಳನ್ನು ವಿದ್ಯುತ್ ತಂತಿ ಬೆಸೆದಿರುತ್ತದೆ. ಒಂದು ಬಿಲ್ಲೆ ಹೊರಬಂದರೆ, ಅದು ಮರಳುವವರೆಗೆ ಯಾವ ಪೆಟ್ಟಿಗೆಯೂ ಇನ್ನೊಂದನ್ನು ಕೊಡದು. ನಮ್ಮ ದೇಶದ ಒಂಟಿ ಹಳಿಗಳಲ್ಲಿ ಬಿಲ್ಲೆಯ ಬದಲು ಲೋಹದ ಚೆಂಡು ಬಳಕೆಗೆ ಬಂತು. ಚೆಂಡಿನ ಚೀಲ ಕಟ್ಟಿದ ಬಳೆಯನ್ನು ಚಾಲಕ ಓಡುವ ಗಾಡಿಯಿಂದಲೇ ಕೈಚಾಚಿ ಹಿಡಿಯುತ್ತಿದ್ದುದನ್ನು ಹಿರಿಯರು ಈಗಲೂ ವರ್ಣಿಸುತ್ತಾರೆ. ತಂತಿ ಕಡಿದರೆ ಚೆಂಡು ಬಾರದು, ಗಾಡಿ ಹೊರಡದು. ನಿಂತ ರೈಲು ಸುರಕ್ಷಿತ.

ಆದರೆ ನೀರಿನ ಪಂಪು ನಿಂತರೆ? ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯವನ್ನೇ ನೋಡಿ. ಪೂರ್ಣ ಮಟ್ಟ 186 ಅಡಿ, ಸಂಗ್ರಹ ಸುಮಾರು 71.5 ಟಿಎಂಸಿ. ಭದ್ರಾ ಮೇಲ್ದಂಡೆ ಯೋಜನೆಯಂತೆ ಇಲ್ಲಿಂದ 29.90 ಟಿಎಂಸಿ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸಬೇಕು. ಇಂತಹ ವ್ಯವಸ್ಥೆಯಲ್ಲಿ ಪಂಪು ನಿಂತರೂ ತೊಂದರೆ, ಹೊತ್ತಲ್ಲದ ಹೊತ್ತಿನಲ್ಲಿ ಓಡಿದರೂ ತೊಂದರೆ.

ಆಸ್ಟ್ರೇಲಿಯದ ಮರೂಚಿ ಪ್ರದೇಶದಲ್ಲಿ 2000ದ ಮೊದಲ ತಿಂಗಳುಗಳಲ್ಲಿ ಹೀಗೇ ಆಯಿತು. ಚರಂಡಿ ನೀರಿನ ಪಂಪುಗಳು ಕಾರಣವಿಲ್ಲದೆ ನಿಲ್ಲುತ್ತಿದ್ದವು. ಉಪಕರಣದ ದೋಷವೆಂದು ಎಂಜಿನಿಯರುಗಳು ಮೊದಲು ಭಾವಿಸಿದರು. ವಾಸ್ತವವಾಗಿ, ಆ ವ್ಯವಸ್ಥೆಯನ್ನು ಅಳವಡಿಸಿದ ಕಂಪನಿಯ ಮಾಜಿ ನೌಕರನೊಬ್ಬ ರೇಡಿಯೊ ಮೂಲಕ ಸುಳ್ಳು ಆಜ್ಞೆ ಕಳಿಸುತ್ತಿದ್ದ. ಸುಮಾರು 8 ಲಕ್ಷ ಲೀಟರ್ ಹೊಲಸು ಉದ್ಯಾನಗಳಿಗೂ ತೊರೆಗಳಿಗೂ ಹರಿಯಿತು. ಆಜ್ಞೆ ಕೊಟ್ಟವರು ಯಾರೆಂದು ಪಂಪುಗಳು ಕೇಳಲೇ ಇಲ್ಲ. ಥಾರ್ಪ್‌ನ ಸಹಿಯಿಲ್ಲದ ತಂತಿಯೇ 126 ವರ್ಷಗಳ ನಂತರ ಮತ್ತೆ ಬಂದಿತ್ತು!

2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ಜಾಲದ ಮೇಲೆ ದಾಳಿಯಾದಾಗ, ನೌಕರರು ಉಪಕೇಂದ್ರಗಳಿಗೇ ಹೋಗಿ ಸ್ವಿಚ್ಚುಗಳನ್ನು ಕೈಯಿಂದ ಹಾಕಿ ಕೆಲವೇ ಗಂಟೆಗಳಲ್ಲಿ ದೀಪ ಬೆಳಗಿಸಿದರು. ಪೆಟ್ಟು ತಿಂದ ಮೇಲೂ ಚೇತರಿಸಿಕೊಳ್ಳುವ ಇಂತಹ ಶಕ್ತಿಯನ್ನು ಕಂಪ್ಯೂಟರ್ ವಿಜ್ಞಾನವೊಂದರಿಂದಲೇ ಕಲಿಯಲಾಗದು. ತೂಬು ತಿರುಗಿಸಬಲ್ಲ ನೀರುಗಂಟಿಯ ತಿಳಿವಳಿಕೆಯೂ ಇಲ್ಲಿ ಬೇಕು ಎಂಬುದು ನನ್ನ ಅಭಿಪ್ರಾಯ.

ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 70ಎ ವಿಧಿಯಡಿ, ಇಂತಹ ವ್ಯವಸ್ಥೆಗಳ ರಕ್ಷಣೆಗೆ ರಾಷ್ಟ್ರೀಯ ಕೇಂದ್ರವೊಂದು 2014ರ ಜನವರಿಯಲ್ಲಿ ರಚನೆಯಾಯಿತು. ಕಾನ್ಪುರದ ಐಐಟಿಯಲ್ಲಿ ವಿದ್ಯುತ್, ನೀರಿನ ವ್ಯವಸ್ಥೆಗಳ ಪ್ರಾಯೋಗಿಕ ಮಾದರಿಗಳ ಮೇಲೆ ದಾಳಿ-ರಕ್ಷಣೆಗಳ ಸಂಶೋಧನೆ ನಡೆಯುತ್ತದೆ. ವಿದ್ಯುತ್, ಸಿವಿಲ್, ನಿಯಂತ್ರಣ ವಿಭಾಗಗಳ ಪದವೀಧರರಿಗೂ ಇಲ್ಲಿ ಕೆಲಸವಿದೆ.

ಶಿಕ್ಷಕರು ಎರಡು ರಿಲೇ, ಎರಡು ದೀಪ, ಒಂದು ಬ್ಯಾಟರಿಯಿಂದ ಚಿಕ್ಕ ಪ್ರಯೋಗ ಮಾಡಿಸಬಹುದು. ಒಂದರ ಸುರುಳಿಗೆ ಹೋಗುವ ವಿದ್ಯುತ್ತು ಇನ್ನೊಂದರ ಮುಚ್ಚಿದ ಸಂಪರ್ಕದ ಮೂಲಕವೇ ಹಾಯುವಂತೆ ಜೋಡಿಸಿ. ಒಂದು ದೀಪ ಉರಿಯುವಾಗ ಇನ್ನೊಂದು ಹೊತ್ತದು. ಈಗ ಉರಿಯುತ್ತಿರುವ ದೀಪದ ರಿಲೇ ಸುರುಳಿಯ ತಂತಿ ಕೀಳಿ. ಅದು ಆರಿ ಎರಡನೆಯದಕ್ಕೆ ದಾರಿ ಬಿಡುತ್ತದೆ. ಟೈಯರನ ಪೆಟ್ಟಿಗೆ ಹಾಗೆ ಬಿಡುತ್ತಿರಲಿಲ್ಲ. ಏಕೆಂದು ವಿದ್ಯಾರ್ಥಿಗಳಿಂದಲೇ ಹೇಳಿಸಿ.